ವೈರು ಕೀಳುತ್ತಿದ್ದ ಮೇಡಂ

ಚೆನ್ನಾಗಿ ನಡೆಯುತ್ತಿರುವುದನ್ನು ಕೆದಕುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಅಂಥದ್ದರಲ್ಲಿ ನನ್ನ ಹಣೆಬರಹ ನೋಡಿ, ಅದನ್ನೇ ಕಸುಬು ಮಾಡಿಕೊಂಡಿದ್ದ ಹೆಂಗಸೊಬ್ಬರ ಪಕ್ಕದ ಮೇಜಿನಲ್ಲಿ ಮೂರ್ನಾಲ್ಕು ವರ್ಷ ಕೂರಬೇಕಾಯಿತು. ವಾರಕ್ಕೊಂದು ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಅವರು ಎದ್ದು ಕಂಪ್ಯೂಟರುಗಳನ್ನು ಇಟ್ಟಿದ್ದ ಸರ್ವರ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯಂತ್ರಗಳ ಹಿಂದೆ ಬಗ್ಗಿ, ಕೈಗೆ ಸಿಕ್ಕ ಒಂದು ವೈರನ್ನು ಕಿತ್ತುಬಿಡುತ್ತಿದ್ದರು. ಆಮೇಲೆ ಹೊರಗೆ ಬಂದು ನನ್ನ ಮೇಜಿನ ಮೇಲಿದ್ದ ಫೋನನ್ನೇ ನೋಡುತ್ತ ನಿಲ್ಲುತ್ತಿದ್ದರು. ಅದು ಕ್ಲೈಂಟುಗಳ ಫೋನು. ಏನಾದರೂ ನಿಂತುಹೋದರೆ ಮೊದಲು ಬಡಿದುಕೊಳ್ಳುತ್ತಿದ್ದುದು ಅದೇ. ಎತ್ತಿಕೊಂಡು ಬೈಗುಳ ತಿನ್ನುವ ಕೆಲಸ ನನ್ನದು.

"ಮೇಡಂ, ಇವತ್ತು ಯಾವುದು ಕಿತ್ರಿ?"

"ಹೇಳಲ್ಲ. ಹೇಳಿದ್ರೆ ನೀವು ಹೋಗಿ ಸಿಕ್ಕಿಸಿಬಿಡ್ತೀರ."

"ನಡೀತಿರೋದನ್ನ ಯಾಕೆ ಕೀಳ್ಬೇಕು ಅಂತ?"

"ಈಗ ಕಿತ್ರೆ ನಾವೆಲ್ಲ ಇಲ್ಲೇ ಇದ್ದೀವಿ ರೀ, ಎಚ್ಚರವಾಗಿದ್ದೀವಿ. ನಾವ್ಯಾರೂ ಇಲ್ದಾಗ ತಾನಾಗೇ ಹೋದ್ರೆ ಯಾರು ನೋಡ್ಕೋತಾರೆ?"

ಮಾತೇನೋ ಸರಿಯೇ. ನನ್ನ ಸಿಟ್ಟು ಮಾತ್ರ ಇಳಿಯುತ್ತಿರಲಿಲ್ಲ.

ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಹೆಸರು ಬರೆಯುವುದಿಲ್ಲ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರೂ ಅಲ್ಲ. ಆಫೀಸಿನಲ್ಲಿ ಬೇರೆ ಹೆಂಗಸರಿದ್ದರೂ ಮೇಡಂ ಅಂದರೆ ಅವರೊಬ್ಬರೇ. ಅವರು ಕಟ್ಟಿದ್ದು ಕಣ್ಣಿಗೆ ಬೀಳುವಂಥದ್ದಲ್ಲ, ಕೆಟ್ಟು ನಿಂತಾಗ ಮಾತ್ರ ಇದೆ ಅಂತ ಗೊತ್ತಾಗುವಂಥದ್ದು. ಅದು ಕೆಟ್ಟು ನಿಲ್ಲದಂತೆ ಅವರು ನೋಡಿಕೊಂಡಿದ್ದರು. ಹಾಗಾಗಿ ಅವರ ಬಗ್ಗೆ ಮಾತಾಡುವವರು ಯಾರೂ ಉಳಿದಿಲ್ಲ. ನಾನಾದರೂ ನಾಲ್ಕು ಮಾತು ಬರೆಯೋಣ ಅಂತ ಕೂತಿದ್ದೇನೆ.

ನಮ್ಮ ಕಂಪನಿ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ವೆಬ್‌ಸೈಟ್ ಇಲ್ಲದಿದ್ದರೆ ಮಾನ ಹೋಗುತ್ತದೆ ಅಂತ ದೊಡ್ಡ ದೊಡ್ಡ ಕಂಪನಿಗಳಿಗೆ ಆಗತಾನೆ ಅನಿಸತೊಡಗಿತ್ತು. ಅಂಥವರಿಗೆ ಪೋರ್ಟಲ್ ಕಟ್ಟಿಕೊಡುವುದು ನಮ್ಮ ಕೆಲಸ. ಪೋರ್ಟಲ್ ಅಂದರೆ ಬರೀ ಬಣ್ಣದ ಪುಟವಲ್ಲ. ನಮ್ಮ ದೊಡ್ಡ ಕ್ಲೈಂಟು ಮೋಟಾರು ಬಿಡಿಭಾಗ ಮಾಡುವ ಕಂಪನಿ. ದೇಶದ ಉದ್ದಗಲಕ್ಕೂ ಇದ್ದ ಅದರ ಡೀಲರುಗಳೆಲ್ಲ ಒಂದೇ ಪೋರ್ಟಲಿಗೆ ಬಂದು ಸ್ಟಾಕು ನೋಡಬೇಕು, ಆರ್ಡರು ಹಾಕಬೇಕು. ತಿಂಗಳಿಡೀ ಅಲ್ಲೊಬ್ಬ ಇಲ್ಲೊಬ್ಬ ಬರುತ್ತಿದ್ದರು. ತಿಂಗಳ ಕೊನೆಯ ದಿನ ಮಾತ್ರ ಎಲ್ಲರೂ ಒಟ್ಟಿಗೇ ನುಗ್ಗುತ್ತಿದ್ದರು. ಆ ಒಂದು ದಿನಕ್ಕೆಂದೇ ನಮ್ಮ ಬಾಸ್ ಮೇಡಂ ಅವರನ್ನು ಹುಡುಕಿ ಕರೆತಂದಿದ್ದರು.

ಅವರು ಬಂದದ್ದು ಟೆಲಿಫೋನ್ ಸಾಮಾನು ಮಾಡುವ ಒಂದು ಸರ್ಕಾರಿ ಕಾರ್ಖಾನೆಯಿಂದ. ಅಲ್ಲಿ ಎಕ್ಸ್‌ಚೇಂಜುಗಳ ಕೆಲಸ ಮಾಡಿ, ಸ್ವಯಂ ನಿವೃತ್ತಿ ತಗೊಂಡು, ನಲವತ್ತೈದು ದಾಟಿದ ಮೇಲೆ ನಮ್ಮ ಹುಡುಗುಪಾಳ್ಯಕ್ಕೆ ಬಂದು ಸೇರಿದ್ದರು. "ಹಬ್ಬದ ದಿನ ಊರಿಗೆ ಊರೇ ಒಟ್ಟಿಗೆ ಫೋನ್ ಎತ್ತುತ್ತೆ ರೀ. ಎಕ್ಸ್‌ಚೇಂಜ್ ಕಟ್ಟೋದು ಆ ದಿನಕ್ಕೆ. ಮಿಕ್ಕ ದಿನಕ್ಕೆ ಯಾರು ಬೇಕಾದ್ರೂ ಕಟ್ತಾರೆ" ಅನ್ನುತ್ತಿದ್ದರು. ಯಂತ್ರ ಮಾರುವವರು ಬಂದು, ಒಂದು ದೊಡ್ಡ ಸರ್ವರ್ ತಗೊಳ್ಳಿ, ಎಷ್ಟು ಸಾವಿರ ಜನ ಬಂದರೂ ತಡೆಯುತ್ತೆ ಅಂತ ನುಣುಪು ಕಾಗದದ ಪುಸ್ತಕ ತೋರಿಸಿದರೆ, ಇವರು ಅದನ್ನು ಮುಚ್ಚಿ ಪಕ್ಕಕ್ಕಿಟ್ಟು, "ನಾಲ್ಕು ಸಣ್ಣವು ಕೊಡಿ" ಅನ್ನುತ್ತಿದ್ದರು. "ದೊಡ್ಡದೊಂದೇ ಇದ್ರೆ, ಅದಕ್ಕೆ ಜ್ವರ ಬಂದ ದಿನ ಎಲ್ರೂ ಉಪವಾಸ."

ಅವರ ಡಿಸೈನೆಲ್ಲ ಕಾಗದ, ಪೆನ್ಸಿಲಿನಲ್ಲೇ. ಡಬ್ಬಿ ಡಬ್ಬಿಯಾಗಿ ಯಂತ್ರಗಳನ್ನು ಬರೆದು ನಡುವೆ ಗೆರೆ ಎಳೆಯುವುದು. ಎಲ್ಲಕ್ಕಿಂತ ಮುಂದೆ ಒಂದು ಯಂತ್ರ ನಿಂತು, ಬ್ಯಾಂಕಿನಲ್ಲಿ ಟೋಕನ್ ಕೊಟ್ಟು ಕೌಂಟರಿಗೆ ಕಳಿಸುವವನ ಹಾಗೆ, ಬಂದವರನ್ನು ಹಿಂದಿನ ಯಂತ್ರಗಳಿಗೆ ಹಂಚುತ್ತದೆ. ಹುಡುಗರು ಬರೆದುಕೊಂಡು ಬಂದ ಚಿತ್ರವನ್ನು ಮೇಡಂ ಮೇಜಿನ ಮೇಲೆ ಹರಡಿ, ಒಂದು ಡಬ್ಬಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ತಲೆ ಎತ್ತಿ, "ಈಗ?" ಅನ್ನುತ್ತಿದ್ದರು. ಅಷ್ಟೇ ಪ್ರಶ್ನೆ. ಆ ಡಬ್ಬಿ ಇಲ್ಲದೆಯೂ ಗೆರೆ ಹಿಡಿದು ಆ ಕಡೆ ಮುಟ್ಟಬಹುದು ಅಂತ ಹುಡುಗರು ತೋರಿಸಬೇಕು. ತೋರಿಸಿದರೆ ಬೆರಳು ಇನ್ನೊಂದರ ಮೇಲೆ. ಕೊನೆಗೆ ಟೋಕನ್ ಕೊಡುವವನ ಮೇಲೇ ಬೆರಳು ಬೀಳುತ್ತಿತ್ತು. ಎಷ್ಟೋ ಜನ ಅಲ್ಲಿಯೇ ಮುಗ್ಗರಿಸುತ್ತಿದ್ದರು. ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಎಂಜಿನಿಯರೊಬ್ಬ ಒಂದು ಸಲ ರೋಸಿಹೋಗಿ, "ಮೇಡಂ, ಎಲ್ಲಾದ್ರ ಮ್ಯಾಲೂ ಬೆರಳ ಇಡಾಕತ್ತೀರಿ. ಹಿಂಗಾದ್ರ ಏನೂ ಕಟ್ಟಾಕ ಆಗಂಗಿಲ್ರೀ" ಅಂದುಬಿಟ್ಟ. ಮೇಡಂ ನಕ್ಕು, "ನಾನು ಇಡದಿದ್ರೆ ಬೇರೆ ಯಾರೋ ಇಡ್ತಾರಪ್ಪ" ಅಂದರು. ಮುಂದೆ ಅವನೇ ಅವರ ಬಲಗೈಯಾದ.

ಹುಡುಗರು ಸರ್ವರುಗಳಿಗೆ ಒಂದೊಂದು ದೇವರ ಹೆಸರಿಟ್ಟು, ಆಯುಧಪೂಜೆಯ ದಿನ ಕುಂಕುಮವನ್ನೂ ಹಚ್ಚಿದ್ದರು. ಮೇಡಂ ಪೂಜೆಗೆ ಬೇಡ ಅನ್ನಲಿಲ್ಲ, ಹೆಸರು ಮಾತ್ರ ತೆಗೆಸಿದರು. "ದೇವರ ಹೆಸರಿಟ್ರೆ ಕೀಳೋಕೆ ಕೈ ಬರಲ್ಲ ಕಣ್ರಪ್ಪ." ಬದಲಿಗೆ ನಮ್ಮ ಸುತ್ತಮುತ್ತಲಿನ ಏರಿಯಾಗಳ ಹೆಸರು ಬಂದವು. ಒಂದು ದಿನ ಫೋನಿನಲ್ಲಿದ್ದ ಕ್ಲೈಂಟ್ ಒಬ್ಬರಿಗೆ ಹುಡುಗರ ಕೂಗಾಟ ಕೇಳಿಸಿತು: "ಮಡಿವಾಳ ಬಿದ್ದೋಯ್ತು, ಎಲ್ಲಾನೂ ಸಿದ್ದಾಪುರದ ಮೇಲೆ ತಿರುಗಿಸು!" ಆತ ಗಾಬರಿಯಾಗಿ, "ಹಾಗಾದ್ರೆ ನಾವು ಮಧ್ಯಾಹ್ನ ಬರೋವಾಗ ಯಾವ ರಸ್ತೇಲಿ ಬರೋದು ಸಾರ್?" ಅಂತ ಕೇಳಿದರು. ಮೇಡಂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕದ್ದು ಅವತ್ತು. ಅಂಥ ನಗು ನಾನು ಆಮೇಲೆ ಹೆಚ್ಚು ನೋಡಲಿಲ್ಲ.

ಕೆಲಸದಲ್ಲಿ ಇಷ್ಟು ಕಟ್ಟುನಿಟ್ಟಾದ ಮೇಡಂ ಮಧ್ಯಾಹ್ನ ಹನ್ನೆರಡೂವರೆ ಆಯಿತೆಂದರೆ ಯಾರ ಮಾತಿಗೂ ನಿಲ್ಲುತ್ತಿರಲಿಲ್ಲ. ಮೀಟಿಂಗಿನ ನಡುವೆಯೇ ಎದ್ದು, ಗಾಡಿ ಹತ್ತಿ, ಬನಶಂಕರಿ ದೇವಸ್ಥಾನದ ಮುಂದಾಗಿ ಇಟ್ಟಮಡುವಿನ ಮನೆಗೆ ಹೋಗಿಬಿಡುತ್ತಿದ್ದರು. ವಾಪಸ್ಸು ಬರುತ್ತಿದ್ದುದು ಎರಡರ ಮೇಲೆ. ಕ್ಲೈಂಟುಗಳ ಮುಂದೆ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇರಬೇಕು, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕೇನೋ ಅಂದುಕೊಂಡಿದ್ದೆ. ಒಂದು ದಿನ ಅವರ ಗಾಡಿ ಕೆಟ್ಟು, ನನ್ನ ಸ್ಕೂಟರಿನಲ್ಲಿ ಬಿಡಲು ಹೋದಾಗ ವಿಷಯ ಗೊತ್ತಾಯಿತು.

ಮೊದಲ ಮಹಡಿಯ ಬಾಡಿಗೆ ಮನೆ. ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಒಬ್ಬ ಗಂಡಸು ಕಾಯುತ್ತಿದ್ದ. ನಲವತ್ತರ ಹತ್ತಿರದ ವಯಸ್ಸು, ಕಿವಿಯ ಪಕ್ಕ ಕೂದಲು ನರೆತಿತ್ತು. ಬುದ್ಧಿ ಮಾತ್ರ ಎರಡು ಮೂರು ವರ್ಷದ ಮಗುವಿನದು, ಹುಟ್ಟಿನಿಂದಲೂ ಹಾಗೆ. ಮೇಡಂ ಅವರ ತಮ್ಮ. ಪುಟ್ಟು ಅಂತ ಕರೆಯುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅವನಿಗೆ ಅಕ್ಕ, ಅಕ್ಕನಿಗೆ ಅವನು. ಹಿಂದೆ ಮೇಡಂ ಅವರನ್ನು ನೋಡಲು ಬಂದ ಗಂಡಿನ ಕಡೆಯವರು ಪುಟ್ಟುವನ್ನು ಕಂಡು, ಕಾಫಿ ಕುಡಿದು, ಪತ್ರ ಬರೆಯುತ್ತೇವೆ ಅಂತ ಎದ್ದುಹೋಗುತ್ತಿದ್ದರಂತೆ.

ಹಗಲು ಕೆಳಗಿನ ಮನೆಯವರು ಒಂದು ಕಣ್ಣಿಟ್ಟಿರುತ್ತಿದ್ದರು, ಆದರೆ ಪುಟ್ಟು ಊಟ ಮಾಡುತ್ತಿದ್ದುದು ಅಕ್ಕನ ಕೈಯಿಂದ ಮಾತ್ರ. ಬೇರೆ ಯಾರು ತುತ್ತು ಹಿಡಿದರೂ ಬಾಯಿ ಬಿಗಿದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದ. "ನಾನಿಲ್ದಿದ್ರೆ ಇವನು ತಿನ್ನಲ್ಲ ರೀ" ಅಂದರು ಮೇಡಂ, ಅನ್ನ ಸಾರು ಕಲಸುತ್ತ. "ಒಂದ್ಸಲ ನಂಗೆ ಟೈಫಾಯ್ಡ್ ಆಗಿ ಆಸ್ಪತ್ರೆಗೆ ಸೇರಿದ್ದೆ. ಇವನನ್ನೂ ಪಕ್ಕದ ಮಂಚಕ್ಕೆ ಹಾಕಿ ಗ್ಲೂಕೋಸ್ ಕೊಡಬೇಕಾಯ್ತು." ನನಗೆ ಆ ಕ್ಷಣವೇ ಅವರ ಹೆಬ್ಬೆರಳು ನೆನಪಾಯಿತು. ನಾಲ್ಕು ಯಂತ್ರದ ಕೆಲಸಕ್ಕೆ ಎಂಟು ದಾರಿ ಹುಡುಕುವ ಈ ಮನುಷ್ಯರ ಮನೆಯಲ್ಲಿ ಇದ್ದುದು ಒಂದೇ ದಾರಿ.

ಮೋಟಾರು ಕಂಪನಿಯ ದೊಡ್ಡವರು ಪೋರ್ಟಲ್ ನೋಡಲು ಬಂದ ದಿನದ ಬಗ್ಗೆ ಹೇಳಲೇಬೇಕು. ಮಂಡ್ಯ ಕಡೆಯವರು, ಬಿಳಿ ಮೀಸೆಯ ಗಂಭೀರ ಮನುಷ್ಯ. ಬಾಸ್ ಬೆಳಿಗ್ಗೆಯೇ ನನ್ನನ್ನು ಪಕ್ಕಕ್ಕೆ ಕರೆದು, "ಗುರು, ಇವತ್ತೊಂದಿನ ಮೇಡಂನ ಆ ರೂಮಿನ ಹತ್ರ ಬಿಡಬೇಡ" ಅಂದಿದ್ದರು. ನಾನು ಬಾಗಿಲಲ್ಲಿ ಕಾವಲು ನಿಂತೆ. ಮೇಡಂ ಬಂದರು, ಒಬ್ಬರೇ ಅಲ್ಲ, ಅತಿಥಿಯನ್ನೇ ಕರೆದುಕೊಂಡು ಬಂದರು.

"ಸಾರ್, ಶೂ ಬಿಚ್ಚಿ ಒಳಗೆ ಬನ್ನಿ. ನಿಮಗೆ ಯಾವುದು ಬೇಕೋ ಆ ವೈರು ಕೀಳಿ."

"ನಾನಾ?"

"ನಾನು ಕಿತ್ರೆ ಮೊದಲೇ ಗೊತ್ತಿತ್ತು ಅಂತೀರ."

ಆತ ಅಳುಕುತ್ತ ಒಂದನ್ನು ಎಳೆದರು. ಬಾಸ್ ಮುಖ ಸುಣ್ಣದ ಹಾಗಾಯಿತು. ಹೊರಗೆ ಡೀಲರುಗಳ ಆರ್ಡರು ಮಾತ್ರ ಬರುತ್ತಲೇ ಇತ್ತು, ನನ್ನ ಫೋನು ಸುಮ್ಮನಿತ್ತು. ಆತನಿಗೆ ಹುರುಪು ಬಂದು ಇನ್ನೊಂದನ್ನೂ ಎಳೆದರು. ಆಗಲೂ ಏನೂ ಆಗಲಿಲ್ಲ. ಮೂರನೆಯದಕ್ಕೆ ಕೈ ಹಾಕಿದಾಗ ಮೇಡಂ, "ಸಾಕು ಸಾರ್. ಅದು ಕಿತ್ರೆ ನಿಲ್ಲುತ್ತೆ. ಇನ್ನೊಂದು ಮಿಷಿನ್ ತಗೊಳ್ಳಿ ಅಂದ್ರೆ ನಿಮ್ಮವರು ಬೇಡ ಅಂದ್ರು" ಅಂದರು. ಆತ ಮೀಸೆ ಸವರಿಕೊಂಡು ನಕ್ಕರು. ಅಷ್ಟರಲ್ಲಿ ಹನ್ನೆರಡೂವರೆ. ಮೇಡಂ ಕೈ ಮುಗಿದು ಹೊರಟೇಬಿಟ್ಟರು. ಎಲ್ಲಿ ಹೋದರು ಅಂತ ಆತ ಕೇಳಿದಾಗ ಬಾಸ್ ಬಾಯಲ್ಲಿ ಬಂದ ಮಾತು ಇದು: "ಯಾರಿಲ್ದಿದ್ರೂ ನಡೆಯುತ್ತೆ ಸಾರ್. ಅದೇ ನಮ್ಮ ಡಿಸೈನ್."

ಆ ಮಾತನ್ನು ಬಾಸ್ ಆಮೇಲೂ ಮರೆಯಲಿಲ್ಲ. ಒಂದೆರಡು ವರ್ಷದಲ್ಲಿ ಅಮೆರಿಕದಿಂದ ಊರಿಗೆ ಬರುತ್ತಿದ್ದ ಕಂಪ್ಯೂಟರ್ ಕೆಲಸ ಕಮ್ಮಿಯಾಗಿ, ಊರಲ್ಲೆಲ್ಲ ಕಂಪನಿಗಳು ಜನರನ್ನು ತೆಗೆಯತೊಡಗಿದ್ದವು. ಅದೇ ಹೊತ್ತಿನಲ್ಲಿ ಪುಟ್ಟುವಿಗೆ ಕಾಮಾಲೆಯಾಗಿ ಮೇಡಂ ಸುಮಾರು ಒಂದು ತಿಂಗಳು ರಜೆ ಹಾಕಿದರು. ತಿಂಗಳ ಕೊನೆ ಬಂತು, ಹೋಯಿತು. ಬಾಗಲಕೋಟೆಯ ಹುಡುಗ ಎಲ್ಲ ನೋಡಿಕೊಂಡ. ಏನೂ ನಿಲ್ಲಲಿಲ್ಲ. ರಜೆ ಮುಗಿಸಿ ಬಂದ ಮೇಡಂ ಇದನ್ನು ಕೇಳಿ ಸಂತೋಷಪಟ್ಟು, ಹುಡುಗರಿಗೆಲ್ಲ ಮೈಸೂರುಪಾಕು ತರಿಸಿ ಕೊಟ್ಟರು. ಆ ಸಿಹಿಯ ಡಬ್ಬ ಖಾಲಿಯಾಗುವ ಮೊದಲೇ ಬಾಸ್ ಅವರನ್ನು ಒಳಗೆ ಕರೆದರು. ಕ್ಲೈಂಟುಗಳ ಕಡೆಯವನು ಅಂತ ನನ್ನನ್ನೂ ಕೂರಿಸಿಕೊಂಡರು.

"ಮೇಡಂ, ನೀವೇ ಹೇಳ್ತಿದ್ರಲ್ಲ, ಯಾರೊಬ್ಬರ ಮೇಲೂ ನಿಲ್ಲಬಾರದು ಅಂತ. ಈ ಸಲ ನೀವಿಲ್ದೆ ಆರಾಮಾಗಿ ನಡೀತು. ನಂಗೆ ಯಾರನ್ನಾದ್ರೂ ಬಿಡಲೇಬೇಕಾಗಿದೆ..."

ಮೇಡಂ ಎದ್ದು ಕುರ್ಚಿಯನ್ನು ಮೇಜಿನ ಒಳಕ್ಕೆ ತಳ್ಳಿದರು. "ಹೌದು ಸಾರ್. ನಡೀಬೇಕು" ಅಂದರು.

ಅವರು ಎದ್ದುಹೋದ ಮೇಲೆ ನಾನು ಬಾಯಿಗೆ ಬಂದದ್ದು ಮಾತಾಡಿದೆ. "ಇದು ನ್ಯಾಯಾನಾ ಸಾರ್?" ಅಂತ ಕೇಳಿದೆ. "ನ್ಯಾಯ ಅಲ್ಲ ಗುರು. ಆದ್ರೆ ಲೆಕ್ಕದಲ್ಲಿ ತಪ್ಪೇನಿದೆ ಹೇಳು?" ಅಂದರು. ಇವತ್ತಿಗೂ ಆ ಮನುಷ್ಯನನ್ನು ಕಂಡರೆ ನನ್ನ ಮೈ ಉರಿಯುತ್ತದೆ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಕೆಟ್ಟವನೂ ಅಲ್ಲ.

ಕೆಳಗೆ ಪಾತ್ರೆ ಅಂಗಡಿಯ ಮುಂದೆ ಮೇಡಂ ಗಾಡಿಗೆ ಕೀ ಹಾಕಲು ಒದ್ದಾಡುತ್ತಿದ್ದರು. ನಾನು ಕೀ ಇಸಿದುಕೊಂಡು ಹಾಕಿಕೊಟ್ಟೆ. "ಕೋಪ ಮಾಡ್ಕೋಬೇಡಿ ರೀ. ಕೆಲಸ ಸರಿಯಾಗಿ ಆಗಿದೆ ಅಂತ ತಾನೆ ಅರ್ಥ" ಅಂತ ನನಗೇ ಸಮಾಧಾನ ಹೇಳಿ ಹೋದರು.

ಆಮೇಲೆ ಮನೆಯಲ್ಲಿ ಕೂತೇ ಅಲ್ಲಿ ಇಲ್ಲಿನ ಕಂಪನಿಗಳಿಗೆ ಡಿಸೈನು ಬರೆದುಕೊಡುತ್ತಿದ್ದರು. ಭಾನುವಾರ ಬಿಡುವಾದಾಗ ನಾನು ಹೋಗಿ ಬರುತ್ತಿದ್ದೆ. ಅಂಥ ಒಂದು ಭಾನುವಾರ, ಕಾಫಿ ಕೊಟ್ಟು ಎದುರಿಗೆ ಕೂತು, "ಹೊಟ್ಟೇಲಿ ಗಡ್ಡೆ ಇದೆಯಂತೆ ರೀ. ಕೆಟ್ಟದ್ದೇ ಅಂತೆ. ಔಷಧಿ ಮಾಡಿದ್ರೆ ಎರಡು ಮೂರು ವರ್ಷ ತಳ್ಳಬಹುದು ಅಂದ್ರು" ಅಂದರು. ಕ್ಲೈಂಟಿನ ತಿಂಗಳ ಕೊನೆಯ ಲೆಕ್ಕ ಹೇಳುತ್ತಿದ್ದ ಅದೇ ದನಿ. ಆಮೇಲೆ ಪೆನ್ಸಿಲು ತಗೊಂಡು, ಪೇಪರಿನ ಅಂಚಿನಲ್ಲಿ ಎರಡು ಡಬ್ಬಿ ಬರೆದು, ನಡುವೆ ಒಂದು ಗೆರೆ ಎಳೆದರು. ಒಂದು ಡಬ್ಬಿಯನ್ನು ಹೆಬ್ಬೆರಳಿನಿಂದ ಮುಚ್ಚಿದರು. ಈ ಸಲ ತಲೆ ಎತ್ತಿ ಏನೂ ಕೇಳಲಿಲ್ಲ. ಪುಟ್ಟು ಕಿಟಕಿಯ ಹತ್ತಿರ ನಿಂತು ರಸ್ತೆಯ ಬಸ್ಸು ನೋಡಿ ಚಪ್ಪಾಳೆ ತಟ್ಟುತ್ತಿದ್ದ.

ಅವತ್ತಿನಿಂದ ಅವರು ಹಿಡಿದ ಕೆಲಸ ಒಂದೇ. ತಾವಿಲ್ಲದಾಗ ಪುಟ್ಟು ಊಟ ಮಾಡಬೇಕು. ಕೆಳಗಿನ ಮನೆಯ ಓನರಮ್ಮನನ್ನು ಅದಕ್ಕೆ ಒಪ್ಪಿಸಿದರು. ಆಕೆ ಇಟ್ಟಮಡು ಹಳ್ಳಿಯಾಗಿದ್ದ ಕಾಲದವರು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರ ಮೂರಂತಸ್ತಿನ ಬಿಲ್ಡಿಂಗು. ಬಾಯಿ ಜೋರು, ಮನಸ್ಸು ಮೆದು. ಮೇಡಂ ಆಫೀಸಿನ ವೈರು ಕೀಳುವ ಕತೆಯನ್ನು ಆಕೆಗೂ ಹೇಳಿ, ಅದಕ್ಕೂ ಒಂದು ಕ್ರಮ ಮಾಡಿದರು. ಮೊದಮೊದಲು ತಾವು ತಿನ್ನಿಸುವಾಗ ಓನರಮ್ಮ ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಅದು ಅವನಿಗೆ ರೂಢಿಯಾದ ಮೇಲೆ ಅನ್ನ ಕಲಸುವುದು ಓನರಮ್ಮ, ತಿನ್ನಿಸುವುದು ಮೇಡಂ. ಆಮೇಲೆ ಒಂದು ತುತ್ತು ಇವರದು, ಒಂದು ತುತ್ತು ಅವರದು. ಆಮೇಲೆ ಮೇಡಂ ಅಡುಗೆಮನೆಗೆ ಸರಿಯುವುದು, ಅಲ್ಲಿಂದ ಬಾಲ್ಕನಿಗೆ.

"ಒಂದು ತುತ್ತು ಅನ್ನ ತಿನ್ಸಕ್ಕೆ ಇಷ್ಟೊಂದು ನಾಟ್ಕ ಬೇಕಾ ಮೇಡಮ್ಮ?" ಅಂತ ಓನರಮ್ಮ ಗೊಣಗುತ್ತಿದ್ದರು. ಗೊಣಗುತ್ತಲೇ ಒಂದು ಗಂಟೆಗೆ ಸರಿಯಾಗಿ ಮೆಟ್ಟಿಲು ಹತ್ತಿ ಬರುತ್ತಿದ್ದರು. ಪುಟ್ಟು ಎಷ್ಟೋ ಸಲ ತಟ್ಟೆ ಎಸೆದ. ಎಷ್ಟೋ ಸಲ ಸಂಜೆಯವರೆಗೂ ಉಪವಾಸ ಇದ್ದ. ಹಾಗೂ ಹೀಗೂ ಕೆಲವು ತಿಂಗಳಲ್ಲಿ, ಅಕ್ಕ ಬಾಲ್ಕನಿಯಲ್ಲಿ ಕಾಣುತ್ತಿದ್ದರೆ ಓನರಮ್ಮನ ಕೈಯಿಂದ ತಿನ್ನುವಷ್ಟಾದ.

ಅಷ್ಟಕ್ಕೇ ಮೇಡಂ ಆತುರಪಟ್ಟರು. ಒಂದು ದಿನ ಮಧ್ಯಾಹ್ನ ನಮ್ಮ ಆಫೀಸಿನ ಕೆಳಗೆ ಬಂದು ನನ್ನನ್ನು ಕರೆಸಿದರು. ಪಕ್ಕದ ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತೆವು. ಅವರ ಕಣ್ಣು ಗೋಡೆಯ ಗಡಿಯಾರದ ಮೇಲೆ.

"ಊಟದ ಹೊತ್ತಲ್ವಾ ಮೇಡಂ? ಪುಟ್ಟು?"

"ಹೇಳದೆ ಬಂದಿದ್ದೀನಿ. ಮೊಬೈಲೂ ಮನೇಲೇ ಬಿಟ್ಟಿದ್ದೀನಿ."

"ಓನರಮ್ಮಂಗೂ ಹೇಳಿಲ್ವಾ?"

"ಹೇಳಿದ್ರೆ ಅದು ಟೆಸ್ಟ್ ಹೇಗಾಗುತ್ತೆ? ನಾನು ಹೋಗೋ ದಿನ ಎಲ್ರಿಗೂ ಹೇಳಿ ಹೋಗ್ತೀನಾ?"

ಮೂರು ಗಂಟೆಯವರೆಗೆ ಹಲ್ಲು ಕಚ್ಚಿಕೊಂಡು ನಿಂತಿದ್ದರು. ಆಮೇಲೆ ಆಗಲಿಲ್ಲ. ಮುಖ ನೋಡಿ ನನಗೇ ಭಯವಾಗಿ ಅವರ ಜೊತೆ ಹೋದೆ. ಇಟ್ಟಮಡುವಿನ ಮನೆಯ ಗೇಟನ್ನು ಎರಡೂ ಕೈಯಲ್ಲಿ ಹಿಡಿದು ಪುಟ್ಟು ನಿಂತಿದ್ದ. ಬರಿಗಾಲು, ಒದ್ದೆಯಾದ ಪ್ಯಾಂಟು. ಹಣೆಯನ್ನು ಗೇಟಿಗೆ ಚಚ್ಚಿಕೊಂಡು ರಕ್ತ ಬಂದಿತ್ತು. ಪಕ್ಕದಲ್ಲಿ ಓನರಮ್ಮ ತಟ್ಟೆ ಹಿಡಿದು ಬಿಸಿಲಲ್ಲಿ ನಿಂತೇ ಇದ್ದರು. ತಟ್ಟೆಯ ಅನ್ನ ಒಣಗಿಹೋಗಿತ್ತು.

ಮೇಡಂ ಅವರನ್ನು ಕಂಡದ್ದೇ ತಡ, ಓನರಮ್ಮ ಬೀದಿಗೆಲ್ಲ ಕೇಳುವ ಹಾಗೆ ಶುರು ಮಾಡಿದರು. "ಎಲ್ಲಿ ಹಾಳಾಗೋಗಿದ್ರಿ? ಸತ್ತೇ ಹೋದ್ರೇನೋ ಅಂದ್ಕೊಂಡೆ!" ಟೆಸ್ಟ್ ಮಾಡಿ ನೋಡಿದೆ ಅಂತ ಮೇಡಂ ಅಂದಾಗ ಇನ್ನೂ ಜೋರಾದರು. " ಇವನೇನು ನಿಮ್ಮ ಆಫೀಸಿನ ಮಿಷಿನ್ನಾ, ವೈರು ಕಿತ್ತು ನೋಡೋಕೆ? ಜೀವ ಇದೆ ಕಣಮ್ಮ ಇದಕ್ಕೆ!" ಬೈಯುತ್ತ ಬೈಯುತ್ತ ಅಳತೊಡಗಿದರು. ಮೇಡಂ ಮೆಟ್ಟಿಲ ಮೇಲೆ ಕುಸಿದು ಕೂತರು. ಪುಟ್ಟು ಹೋಗಿ ಅವರ ಸೆರಗನ್ನು ಮುಷ್ಟಿಯಲ್ಲಿ ಸುತ್ತಿಕೊಂಡ. "ತಪ್ಪಾಯ್ತು ಪುಟ್ಟು, ತಪ್ಪಾಯ್ತು" ಅಂತ ಅವನ ಹಣೆ ಒರೆಸುತ್ತಿದ್ದರು.

ಕಟ್ಟಿದ್ದೆಲ್ಲ ಅವತ್ತಿಗೆ ನೆಲಸಮವಾಯಿತು. ತಿಂಗಳುಗಟ್ಟಲೆ ಪುಟ್ಟು ಸೆರಗು ಬಿಡಲಿಲ್ಲ. ಬಚ್ಚಲಿಗೆ ಹೋದರೂ ಹೊರಗೆ ಕೂತು ಬಾಗಿಲು ಬಡಿಯುತ್ತಿದ್ದ. ಓನರಮ್ಮ ಮೆಟ್ಟಿಲು ಹತ್ತುವ ಸದ್ದು ಕೇಳಿದರೇ ಕಿರುಚುತ್ತಿದ್ದ. ಮೇಡಂ ಅವರಿಗೆ ಆಗಲೇ ಔಷಧಿಯಿಂದ ಕೂದಲು ಉದುರಿತ್ತು, ನಿಂತು ಅಡುಗೆ ಮಾಡುವ ಶಕ್ತಿ ಇರಲಿಲ್ಲ. ಆದರೂ ಮತ್ತೆ ಮೊದಲಿಂದ ಶುರು ಮಾಡಿದರು. ಓನರಮ್ಮ ಪಕ್ಕದಲ್ಲಿ ಸುಮ್ಮನೆ ಕೂರುವುದರಿಂದ. ಈ ಸಲ ಒಂದು ಬದಲಾವಣೆ ಇತ್ತು. ಹೋಗುವ ಮೊದಲು ಪ್ರತಿ ದಿನವೂ ಅವನ ಗಲ್ಲ ಹಿಡಿದು, "ಪುಟ್ಟು, ಅಕ್ಕ ಹೋಗ್ತಾಳೆ. ಓನರಮ್ಮ ಮಮ್ಮು ಕೊಡ್ತಾರೆ" ಅಂತ ಹೇಳುತ್ತಿದ್ದರು. ಬಾಲ್ಕನಿಗೆ ಹೋಗುವಾಗಲೂ ಅದೇ, ಆಸ್ಪತ್ರೆಗೆ ಹೋಗುವಾಗಲೂ ಅದೇ. "ಮಿಷಿನ್‌ಗೆ ಹೇಳದೆ ಕೀಳಬೇಕು, ಮನುಷ್ಯರಿಗೆ ಹೇಳಿ ಹೋಗಬೇಕು ರೀ. ಅದು ನಂಗೆ ಹೊಳೀಲೇ ಇಲ್ಲ" ಅಂದರು ಒಮ್ಮೆ. ನನಗೆ ಅವರ ಮೇಲಿದ್ದ ಹಳೆಯ ಸಿಟ್ಟೆಲ್ಲ ಅವತ್ತು ಇಳಿದುಹೋಯಿತು.

ಆಮೇಲೆ ಆಪರೇಷನ್ನಿಗೆ ಸೇರಿದಾಗ ಆಸ್ಪತ್ರೆಯಲ್ಲಿ ಬಹಳ ದಿನ ಇರಬೇಕಾಯಿತು. ಪುಟ್ಟುವನ್ನು ಓನರಮ್ಮ ತಮ್ಮ ಮನೆಯಲ್ಲೇ ಮಲಗಿಸಿಕೊಂಡರು. "ಮುಂದಕ್ಕೂ ನಮ್ಮನೇಲೇ ಇರ್ತಾನೆ ಬಿಡಿ, ಎಲ್ಲಿಗೂ ಕಳ್ಸಕಿಲ್ಲ" ಅಂತ ಮಾತೂ ಕೊಟ್ಟರು. ಬಿಡುಗಡೆಯಾದ ದಿನ ನಾನೇ ಆಟೋದಲ್ಲಿ ಮೇಡಂ ಅವರನ್ನು ಕರೆತಂದೆ. ಮಧ್ಯಾಹ್ನ ಊಟದ ಹೊತ್ತು. ದಾರಿಯುದ್ದಕ್ಕೂ, "ಅವನಿಗೆ ಇವತ್ತು ನಾನೇ ತಿನ್ನಿಸ್ತೀನಿ" ಅನ್ನುತ್ತಿದ್ದರು. ಮೆಟ್ಟಿಲು ಹತ್ತಲಾಗದೆ ಕೆಳಗಿನ ಓನರಮ್ಮನ ಹಾಲಿಗೇ ಹೋದೆವು. ಪುಟ್ಟು ಚಾಪೆಯ ಮೇಲೆ ಕೂತು ಊಟ ಮಾಡುತ್ತಿದ್ದ. ಮೇಡಂ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಕೈ ತೊಳೆದು ಬಂದು, "ಪುಟ್ಟು" ಅಂತ ಕರೆದರು.

ಅವನು ತಿರುಗಿ ನೋಡಿದ. ಮುಖ ಅರಳಿಸಿ "ಅಕ್ಕ" ಅಂದ. ಮತ್ತೆ ಓನರಮ್ಮನ ಕಡೆ ತಿರುಗಿ ಬಾಯಿ ತೆರೆದ.

ಓನರಮ್ಮನಿಗೆ ಕಸಿವಿಸಿಯಾಯಿತು. "ಬನ್ನಿ ಮೇಡಮ್ಮ, ನೀವೇ ಕೊಡಿ" ಅಂತ ತಟ್ಟೆ ಚಾಚಿದರು. ಮೇಡಂ, "ಬೇಡ, ತಿನ್ಲಿ ಬಿಡಿ. ಚೆನ್ನಾಗಿ ತಿಂತಿದ್ದಾನೆ" ಅಂದು ಒಳಗಿನ ಕೋಣೆಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ನಾನು ನೀರು ತಗೊಂಡು ಹೋದೆ. ಮಂಚದ ತುದಿಯಲ್ಲಿ ಕೂತು, ಒದ್ದೆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಸದ್ದಿಲ್ಲದೆ ಅಳುತ್ತಿದ್ದರು. ಕೆಲಸ ಹೋದ ದಿನವೂ ಅವರು ಅತ್ತಿರಲಿಲ್ಲ, ರೋಗದ ವಿಷಯ ಹೇಳಿದ ದಿನವೂ ಅತ್ತಿರಲಿಲ್ಲ. "ನಡೀತಲ್ಲ ರೀ" ಅಂದರು ನನ್ನನ್ನು ನೋಡಿ. "ನಡೀತಲ್ಲ." ನಾನು ನೀರಿನ ಲೋಟವನ್ನು ಮಂಚದ ಪಕ್ಕ ಇಟ್ಟು, ಬಾಗಿಲು ಮುಂದೆ ಮಾಡಿ ಬಂದೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವರು ತೀರಿಕೊಂಡರು. ನಾನು ಹೋದಾಗ ಮೇಲಿನ ಮನೆಯ ಹಾಲಿನಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ದೀಪ. ಮೈಸೂರಿನಿಂದ ಒಬ್ಬ ದೊಡ್ಡಪ್ಪನ ಮಗ ಬರಬೇಕಿತ್ತು. ಕೊಳ್ಳಿ ಇಡುವವರು ಅವರೇ. ಬಾಗಲಕೋಟೆಯ ಹುಡುಗ ಬಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಬಂಧುಗಳು ನಾಲ್ಕೈದು ಜನ, ಯಾರ ಬಾಯಲ್ಲೂ ಒಂದು ತೊಟ್ಟು ನೀರಿಲ್ಲ. ಹೆಣ ಎತ್ತುವವರೆಗೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಯಾರೂ ಉಣ್ಣುವುದಿಲ್ಲ. ಪುಟ್ಟು ಅಕ್ಕನ ಕಾಲಿನ ಹತ್ತಿರ ಕೂತು, ಸೀರೆಯ ಅಂಚನ್ನು ಮಡಿಸುತ್ತ ಬಿಡಿಸುತ್ತ ಇದ್ದ.

ಒಂದು ಗಂಟೆಯಾಯಿತು. ಓನರಮ್ಮ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬಿಸಿ ಅನ್ನ, ಸಾರು. ವಯಸ್ಸಾದ ಬಂಧುವೊಬ್ಬರು ಎದ್ದು ಅಡ್ಡ ನಿಂತರು. "ಏನಮ್ಮ ಇದು, ಹೆಣ ಇನ್ನೂ ಒಳಗಿದೆ. ಒಡಹುಟ್ಟಿದವನು ಅವನು. ಒಂದು ಹೊತ್ತು ತಿನ್ನದಿದ್ರೆ ಏನಾಗುತ್ತೆ?"

"ಅವನಿಗೆ ಊಟದ ಹೊತ್ತಾಯ್ತು ಸ್ವಾಮಿ" ಅಂದರು ಓನರಮ್ಮ. ಅತ್ತು ಅತ್ತು ಅವರ ದನಿ ಒಡೆದಿತ್ತು. "ಆಯಮ್ಮ ಇಷ್ಟು ವರ್ಷ ಒದ್ದಾಡಿದ್ದು ಈ ಒಂದು ದಿನಕ್ಕೆ. ಸರೀರಿ."

ಆತ ಸರಿದರು. ಓನರಮ್ಮ ಪುಟ್ಟುವಿನ ಎದುರಿಗೆ, ಮೇಡಂ ಅವರ ಕಾಲಿನ ಪಕ್ಕದಲ್ಲೇ, ನೆಲಕ್ಕೆ ಕೂತರು. ಅನ್ನ ಕಲಸಿ ತುತ್ತು ಎತ್ತಿದರು. ಅವನು ಬಾಯಿ ತೆರೆದ. ಹಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಒಂದೊಂದೇ ತುತ್ತು, ನಿಧಾನವಾಗಿ, ಎಂದಿನ ಹಾಗೆ ಅಗಿದು ನುಂಗಿದ. ನನಗೆ ಆ ಹೊತ್ತಿನಲ್ಲಿ ಆ ಪಾಪದವನ ಮೇಲೆ ಸಿಟ್ಟು ಬಂತು. ಒಂದೇ ಒಂದು ತುತ್ತನ್ನಾದರೂ ಬೇಡ ಅನ್ನಬಾರದಾಗಿತ್ತೇ, ಒಂದು ಸಲ ಗೋಡೆಯ ಕಡೆ ತಿರುಗಬಾರದಾಗಿತ್ತೇ ಅನಿಸಿತು. ಅವನು ತಿರುಗಲಿಲ್ಲ. ತಟ್ಟೆ ಖಾಲಿಯಾಯಿತು.

ಪುಟ್ಟು ಖಾಲಿ ತಟ್ಟೆಯನ್ನು ಓನರಮ್ಮನ ಕಡೆಗೆ ತಳ್ಳಿ, "ಇನ್ನೂ" ಅಂದ. ಅವರು ಎದ್ದು, ಸೆರಗಿನಿಂದ ಮೂಗು ಒರೆಸಿಕೊಂಡು, ಅನ್ನ ತರಲು ಕೆಳಗೆ ಹೋದರು.